ಅಮಾವಾಸ್ಯೆಗೊಂದು ಅಪ್‌ಡೇಟ್

ಮಕ್ಕಳೇ, ನಮ್ಮ ಮನೆಯಲ್ಲಿ ಒಲೆ ಎರಡಾದದ್ದು ಸೈಟಿನ ವಿಷಯಕ್ಕೆ ಎಂದು ಲಗ್ಗೆರೆಯ ನಮ್ಮ ಬೀದಿಯವರು ಹೇಳುತ್ತಾರೆ. ಸುಳ್ಳು. ಸೊಸೆಯಂದಿರಿಂದ ಆಯಿತು ಎಂದು ನನ್ನ ತಂಗಿ ಹೇಳುತ್ತಾಳೆ. ಅದೂ ಸುಳ್ಳು. ಮನೆಯ ಸರ್ವರ್ ಡಬ್ಬಕ್ಕೆ ಎಷ್ಟು ದಿನಕ್ಕೊಮ್ಮೆ ಅಪ್‌ಡೇಟ್ ಹಾಕಬೇಕು ಎಂಬ ಮಾತಿಗೆ ನನ್ನ ಇಬ್ಬರು ಗಂಡುಮಕ್ಕಳು ಬೇರೆಯಾದರು. ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಇವತ್ತಿಗೂ ಸಿಟ್ಟೇ ಬರುತ್ತದೆ.

ಎದುರು ನಿಂತು ಹೇಳುವ ಬಾಯಿ ನನಗಿಲ್ಲ. ನಾಲ್ಕು ಜನ ಕೂತಿದ್ದರೆ ಸೆರಗು ಹೊದ್ದುಕೊಂಡು ಅಡುಗೆಮನೆಗೆ ಹೋಗಿಬಿಡುವವಳು ನಾನು. ಆದರೆ ಊರಿನ ಶಾಲೆಯ ಮೇಷ್ಟ್ರು ಏಳನೇ ಕ್ಲಾಸಿನವರೆಗೆ ಕಾಪಿ ಬರೆಯಿಸಿ ಕೈ ಕುದುರಿಸಿದ್ದರು, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಇಬ್ಬರ ಅಪ್ಪ ನನ್ನ ದೊಡ್ಡವನು, ಒಬ್ಬಳ ಅಪ್ಪ ನನ್ನ ಚಿಕ್ಕವನು. ಇದನ್ನು ಅವರಿಗೆ ಓದಿ ಹೇಳುವುದಾದರೆ ಹೇಳಿ.

ನಿಮ್ಮ ತಾತ ಪೀಣ್ಯದಲ್ಲಿ ಕಬ್ಬಿಣದ ಬಿಡಿಭಾಗ ಕಡಿಯುವ ಲೇತ್ ಶೆಡ್ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಶೆಡ್ಡನ್ನು ದೊಡ್ಡವನು ನೋಡಿಕೊಂಡ. ಚಿಕ್ಕವನು ಕಂಪ್ಯೂಟರ್ ಓದಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗೆ ದಿನಾ ಊರಿನ ಆ ತುದಿಗೆ ಹೋಗಿ ಬರುತ್ತಿದ್ದ. ಕೆಳಗೆ ನಾನು ಮತ್ತು ಚಿಕ್ಕವನ ಸಂಸಾರ, ಮೇಲೆ ದೊಡ್ಡವನ ಸಂಸಾರ. ಒಲೆ ಮಾತ್ರ ಒಂದೇ, ಕೆಳಗಿನದು. ಸಂಜೆ ಮುದ್ದೆ ಎಲ್ಲರಿಗೂ ಒಂದೇ ಪಾತ್ರೆಯಿಂದ. ಗಂಡ ಹೋದ ಮೇಲೆ ನನಗೆ ಅಂತ ಉಳಿದಿದ್ದದ್ದು ಅದೊಂದೇ: ಇಬ್ಬರು ಮಕ್ಕಳೂ ನನ್ನ ಕಣ್ಣೆದುರು ಒಂದೇ ಸಾಲಿನಲ್ಲಿ ಕೂತು ಉಣ್ಣುವುದು. ಅದನ್ನು ಆ ಡಬ್ಬ ಕಿತ್ತುಕೊಂಡಿತು. ಡಬ್ಬ ಅಂದೆ ಅಲ್ಲವೆ, ತಪ್ಪು. ಡಬ್ಬಕ್ಕೇನು ಗೊತ್ತು. ಇವರಿಬ್ಬರು ಕಿತ್ತುಕೊಂಡರು.

ಆಫೀಸಿನವರು ಬೇಡವೆಂದು ತೆಗೆದಿಟ್ಟಿದ್ದ ಒಂದು ಹಳೆಯ ಕಂಪ್ಯೂಟರನ್ನು ಚಿಕ್ಕವನು ಮನೆಗೆ ತಂದು, ಹಾಲಿನಲ್ಲಿ ಟಿವಿಯ ಕೆಳಗೆ ಇಟ್ಟ. "ಇದು ನಮ್ಮನೆ ಸರ್ವರ್" ಎಂದ. ಎಲ್ಲರ ಫೋನಿನ ಫೋಟೋಗಳೂ ಅದರೊಳಗೆ ಹೋಗಿ ಕೂರುತ್ತಿದ್ದವು. ಶೆಡ್ಡಿನ ಡ್ರಾಯಿಂಗುಗಳೂ ಅದರಲ್ಲೇ. ಒಂದೊಂದು ಭಾಗವನ್ನು ಯಾವ ಅಳತೆಗೆ ಕಡಿಯಬೇಕು ಎಂಬ ನಕ್ಷೆಗೆ ಡ್ರಾಯಿಂಗ್ ಎನ್ನುತ್ತಾರೆ. ಮುಂಚೆ ಅವು ಎಣ್ಣೆ ಹಿಡಿದು ಕಪ್ಪಾದ ಕಾಗದಗಳಾಗಿದ್ದವು. ಈಗ ಶೆಡ್ಡಿನಲ್ಲಿ ಕೂತುಕೊಂಡೇ ಮನೆಯ ಡಬ್ಬದಿಂದ ತೆರೆದು ನೋಡಬಹುದಿತ್ತು. ದೊಡ್ಡವನಿಗೇ ಮೊದಲು ಖುಷಿಯಾದದ್ದು. ಬಂದವರಿಗೆಲ್ಲ ತಮ್ಮನ ಕೈಕೆಲಸ ಎಂದು ತೋರಿಸಿದ.

ಅಪ್‌ಡೇಟ್ ಎಂದರೆ ಏನೆಂದು ನನಗೆ ತಿಳಿದಷ್ಟು ಬರೆಯುತ್ತೇನೆ. ಡಬ್ಬದೊಳಗಿನ ಪ್ರೋಗ್ರಾಂ ಬರೆದವರು ಅದರಲ್ಲಿ ತಪ್ಪು ಕಂಡಾಗಲೆಲ್ಲ ತಿದ್ದಿ ಕಳಿಸುತ್ತಾರೆ. ಆ ತಿದ್ದಿದ್ದನ್ನು ಹಾಕಿಕೊಳ್ಳದಿದ್ದರೆ ಕಳ್ಳರಿಗೆ ಗೊತ್ತಿರುವ ಕಿಂಡಿ ತೆರೆದೇ ಇರುತ್ತದೆ. ಹಾಕಿಕೊಂಡರೆ ಒಮ್ಮೊಮ್ಮೆ ಸರಿಯಾಗಿದ್ದದ್ದೂ ಕೆಡುತ್ತದೆ. ಎರಡೂ ನಿಜವೇ. ಒಂದು ಸುಳ್ಳಾಗಿದ್ದರೆ ನಮ್ಮ ಮನೆ ಉಳಿಯುತ್ತಿತ್ತು.

ಚಿಕ್ಕವನು ಅದನ್ನು ಭಾನುವಾರ ಭಾನುವಾರ ತಾನಾಗಿಯೇ ಹಾಕಿಕೊಳ್ಳುವಂತೆ ಮಾಡಿಟ್ಟಿದ್ದ. ಹಾಗೆ ಒಂದು ಭಾನುವಾರ ಕಳೆದು ಸೋಮವಾರ ಬೆಳಗ್ಗೆ, ಶೆಡ್ಡಿಗೆ ಹೋಗಿದ್ದ ದೊಡ್ಡವನು ಎಣ್ಣೆ ಕೈಯಲ್ಲೇ ಗಾಡಿ ಹತ್ತಿ ವಾಪಸ್ಸು ಬಂದ. ಚಪ್ಪಲಿ ಕೂಡ ಬಿಡಲಿಲ್ಲ.

"ಯಾವನೋ ಅದಕ್ಕೆ ಕೈ ಹಾಕಿದ್ದು?"

ಚಿಕ್ಕವನು ಆಫೀಸಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದ. "ಯಾರೂ ಹಾಕಿಲ್ಲಣ್ಣ. ಭಾನುವಾರ ಅದಕ್ಕದೇ ಅಪ್‌ಡೇಟ್ ಆಗತ್ತೆ."

"ಅದಕ್ಕದೇ ಆಗೋಕೆ ಅದೇನು ದೇವ್ರಾ? ಒಂದು ಡ್ರಾಯಿಂಗೂ ಓಪನ್ ಆಗ್ತಿಲ್ಲ. ಮಿಷಿನ್ ನಿಲ್ಸಿ ಹುಡುಗ್ರು ಕೈಕಟ್ಕೊಂಡು ನಿಂತವ್ರೆ."

"ಇನ್ನೊಂದ್ಸಲ ಲಾಗಿನ್ ಆಗ್ಬೇಕು ಅಷ್ಟೆ. ಫೋನ್ ಮಾಡಿದ್ರೆ ಹೇಳ್ತಿದ್ದೆ. ಎರಡು ನಿಮಿಷದ ಕೆಲ್ಸ."

"ನಿಂಗೆ ಎರಡು ನಿಮಿಷ. ಅಲ್ಲಿ ಆರ್ಡರ್ ಕೊಟ್ಟಿರೋ ಪಾರ್ಟಿ ಫೋನಲ್ಲಿ ನನ್ನ ಜನ್ಮ ಜಾಲಾಡ್ತಾವ್ನೆ. ಓಡೋ ಮಿಷಿನ್‌ಗೆ ಕೈ ಹಾಕ್ಬಾರ್ದು ಅಂತ ಅಪ್ಪ ಬಾಯಿ ಬಡ್ಕೊಂಡಿದ್ದು ಮರ್ತೋಯ್ತಾ? ಶೆಡ್ ಕಡೆ ತಲೆ ಹಾಕಿದ್ರೆ ತಾನೆ ನಿಂಗೆ ನೆನಪಿರೋದು."

"ಇದು ಲೇತ್ ಅಲ್ಲಣ್ಣ."

"ನಂಗೆ ಎಲ್ಲಾ ಮಿಷಿನ್ನೂ ಒಂದೇ ಕಣೋ."

ನಿಮ್ಮ ತಾತನ ಪದ್ಧತಿ ಅದು. ಶೆಡ್ಡಿನಲ್ಲಿ ಚೆನ್ನಾಗಿ ಓಡುತ್ತಿರುವ ಮಿಷಿನ್ನನ್ನು ಯಾರೂ ಬಿಚ್ಚುವಂತಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮುಂಚೆ ಎಲ್ಲವನ್ನೂ ನಿಲ್ಲಿಸಿ, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಚ್ಚಿ, ಸವೆದದ್ದನ್ನು ಬದಲಾಯಿಸಿ, ಮತ್ತೆ ಜೋಡಿಸಿ ಪೂಜೆ ಮಾಡಬೇಕು. ಪೂಜೆ ಆದ ಮೇಲೆ ವಿಜಯದಶಮಿಯವರೆಗೆ ಮಿಷಿನ್ ಮಲಗಿರಬೇಕು. ನಡುವರ್ಷದಲ್ಲಿ ಅತಿಬುದ್ಧಿ ತೋರಿಸಿ ಕೈ ಹಾಕಿದ ಒಬ್ಬ ಕೆಲಸಗಾರ ಬೆರಳಿನ ತುದಿ ಕಳೆದುಕೊಂಡಿದ್ದ. ಅಂದಿನಿಂದ ಅವರು ಇನ್ನೂ ಬಿಗಿಯಾದರು. ಅವರ ಕಾಲಕ್ಕೆ, ಅವರ ಮಿಷಿನ್ನಿಗೆ ಅದು ಸರಿ.

ದೊಡ್ಡವನು ಅದನ್ನು ಹಾಗೆಯೇ ಎತ್ತಿ ತಂದು ಡಬ್ಬದ ಮೇಲಿಟ್ಟ. "ಇನ್ಮೇಲೆ ಆಯುಧಪೂಜೆಗೆ ಮಾತ್ರ ಅಪ್‌ಡೇಟು" ಎಂದ.

ಚಿಕ್ಕವನು ಎಲ್ಲರೆದುರೇ ಕೂತು ಭಾನುವಾರದ ಏರ್ಪಾಟನ್ನು ತೆಗೆದುಹಾಕಿದ. ಪಾಸ್‌ವರ್ಡನ್ನು ಅಣ್ಣನ ಫೋನಿಗೆ ಕಳಿಸಿದ. "ಆಯ್ತು. ನಿನ್ನ ಡಬ್ಬ, ನಿನ್ನ ಹಬ್ಬ. ಇನ್ನು ನಾನು ಮುಟ್ಟಿದ್ರೆ ಕೇಳು."

ಆ ವರ್ಷ ನಮ್ಮ ಮನೆಯ ಊಟ ನರಕ. ಡಬ್ಬದ ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ, ಅದರೊಳಗೆ ಹಾಕದೇ ಉಳಿದ ಅಪ್‌ಡೇಟುಗಳ ಲೆಕ್ಕ. ಅದು ಏರುತ್ತಾ ಹೋಯಿತು. ಚಿಕ್ಕವನು ಮುದ್ದೆ ಮುರಿಯುತ್ತಾ ನನ್ನ ಕಡೆ ನೋಡಿ, "ಅಮ್ಮ, ಆ ಕೆಂಪು ಚುಕ್ಕೆ ನೋಡಿದ್ಯಾ? ಅತ್ತಿಗೆ ಹಣೆಬೊಟ್ಟಿಗಿಂತ ದೊಡ್ಡದಾಯ್ತು" ಎನ್ನುತ್ತಿದ್ದ. ದೊಡ್ಡವನು ಸಾರು ಸುರಿದುಕೊಂಡು, ಅವನೂ ನನ್ನ ಕಡೆಯೇ ನೋಡಿ, "ಅಮ್ಮ, ಸುಮ್ನೆ ಕೆಲ್ಸ ಮಾಡೋ ವಸ್ತು ಕಂಡ್ರೆ ಕೆಲವ್ರಿಗೆ ಹೊಟ್ಟೆ ಉರಿ" ಎನ್ನುತ್ತಿದ್ದ. ಬಡಿಸುವವಳು ನಾನು ಮಧ್ಯೆ. ನನ್ನ ತಲೆಯ ಮೇಲಿಂದ ಇವರು ಕಲ್ಲು ಬೀಸುತ್ತಿದ್ದರು. ಹಿರಿ ಸೊಸೆ ಸೌಟು ಕುಕ್ಕಿದರೆ ಕಿರಿ ಸೊಸೆ ನಲ್ಲಿ ಜೋರಾಗಿ ಬಿಡುವಳು.

ಒಂದು ದಿನ ಚಿಕ್ಕವನೊಬ್ಬನೇ ಇದ್ದಾಗ ಕೇಳಿದೆ.

"ಲೋ, ಆಕ್ದಿದ್ರೆ ಏನಾಯ್ತದೆ?"

"ಬೀದಿ ಬಾಗ್ಲು ತೆಗ್ದು ಮಲಗ್ದಂಗೆ. ಇವತ್ತು ಯಾರೂ ನುಗ್ದೇ ಇರ್ಬೋದು. ನಾಳೆನೂ ನುಗ್ದೇ ಇರ್ಬೋದು."

"ಅಂಗಾದ್ರೆ ನಿಮ್ಮಣ್ಣಂಗೆ ಯೋಳು."

"ನಾನ್ಯಾಕೆ ಹೇಳ್ಲಿ? ಅವನೇ ಓನರ್ ಅಲ್ವಾ."

ದೊಡ್ಡವನನ್ನೂ ಕೇಳಿದೆ. "ವರ್ಷದ್ದೆಲ್ಲ ಒಂದೇ ಸಲ ಆಕಿದ್ರೆ ತಡ್ಕೊಂಡಾತಾ ಅದು? ನಿನ್ನ ತಮ್ಮನ್ನ ಒಂದ್ಮಾತು ಕೇಳು."

"ಅವನ ಕಾಲಿಗೆ ಬೀಳ್ಬೇಕಾ? ನಂಗೂ ಬಟನ್ ಒತ್ತೋಕೆ ಬರತ್ತೆ."

ಇವರಿಗೆ ಡಬ್ಬ ಸರಿಯಿರುವುದು ಬೇಕಾಗಿರಲಿಲ್ಲ. ಒಬ್ಬನಿಗೆ ತಾನು ಹೇಳಿದ್ದು ಸರಿಯಾಗಬೇಕಿತ್ತು, ಇನ್ನೊಬ್ಬನಿಗೆ ಅಣ್ಣ ಹೇಳಿದ್ದು ತಪ್ಪಾಗಬೇಕಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವರ ಬಗ್ಗೆ ಹೀಗೆ ಬರೆಯಲು ನನಗೆ ಸಂಕೋಚವಿಲ್ಲ.

ಆಯುಧಪೂಜೆ ಬಂತು. ಬೆಳಗ್ಗೆ ಶೆಡ್ಡಿನ ಪೂಜೆಗೆ ಹೋಗುವ ಮುಂಚೆ ದೊಡ್ಡವನು ಡಬ್ಬದ ಮುಂದೆ ಕೂತು ವರ್ಷದ ಅಪ್‌ಡೇಟುಗಳನ್ನೆಲ್ಲ ಒಟ್ಟಿಗೆ ಒತ್ತಿದ. ಸಂಜೆ ಮನೆಯ ಪೂಜೆಯ ಹೊತ್ತಿಗೆ ಮುಗಿದಿರುತ್ತದೆ ಎಂದು ಅವನ ಅಂದಾಜು. ಸಂಜೆ ನಾವು ಗಾಡಿಗಳಿಗೆ ಬಾಳೆಕಂದು ಕಟ್ಟಿ, ಮಿಕ್ಸಿ, ಈಳಿಗೆಮಣೆ, ಹೊಲಿಗೆ ಮಿಷಿನ್ನಿಗೆ ಕುಂಕುಮ ಇಟ್ಟು, ಡಬ್ಬಕ್ಕೂ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದೆವು. ಹಾರದ ಕೆಳಗೆ ಅದು ಇನ್ನೂ ಗುಂಯ್ ಎನ್ನುತ್ತಲೇ ಇತ್ತು.

"ರೀ, ಓಡ್ತಾನೇ ಇದೆ" ಎಂದಳು ಹಿರಿ ಸೊಸೆ.

ದೊಡ್ಡವನು ಕರ್ಪೂರದ ತಟ್ಟೆ ಹಿಡಿದು ಬಗ್ಗಿ ಪರದೆ ನೋಡಿದ. "ಆಫ್ ಮಾಡ್ಬೇಡಿ ಅಂತ ಬೆಳಗ್ಗಿಂದ ಅದನ್ನೇ ತೋರಿಸ್ತಾ ಇದೆ. ಎಲ್ಲೋ ಸಿಕ್ಕಾಕೊಂಡಿದೆ."

"ಓಡೋ ಆಯುಧಕ್ಕೆ ಮಂಗಳಾರತಿ ಎತ್ತೋದು ಹೆಂಗ್ರೀ?"

ಅಷ್ಟೂ ವರ್ಷ ನಿಂತ ಮಿಷಿನ್ನಿಗೇ ಆರತಿ ಎತ್ತಿದ ಮನೆ ನಮ್ಮದು. ಬೇರೆಯವರ ಮನೆಯಲ್ಲಾಗಿದ್ದರೆ ಆ ಡಬ್ಬವನ್ನು ಅದರ ಪಾಡಿಗೆ ಬಿಟ್ಟು ಊದುಬತ್ತಿ ಹಚ್ಚಿ ಮುಗಿಸುತ್ತಿದ್ದರು. ದೊಡ್ಡವನು ತಲೆಯೆತ್ತಿ ಒಮ್ಮೆ ತಮ್ಮನ ಕಡೆ ನೋಡಿದ. ಚಿಕ್ಕವನು ರೂಮಿನ ಬಾಗಿಲಿಗೆ ಒರಗಿ ನಿಂತು, ಅಂಗೈಯಲ್ಲಿ ಕಡ್ಲೆಪುರಿ ಇಟ್ಟುಕೊಂಡು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅರ್ಧಕ್ಕೆ ಕರೆಂಟ್ ತೆಗೆದರೆ ಏನಾಗುತ್ತದೆ ಎಂದು ಆ ಹಾಲಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ದೊಡ್ಡವನು ಸ್ವಿಚ್ ಆರಿಸಿದ. ಗುಂಯ್ ಎನ್ನುವುದು ನಿಂತಿತು. ಮಂಗಳಾರತಿ ಆಯಿತು. ಚಿಕ್ಕವನೂ ಬಂದು ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ವಿಜಯದಶಮಿಯ ದಿನ ಸ್ವಿಚ್ ಹಾಕಿದರೆ ಡಬ್ಬ ಏಳಲಿಲ್ಲ. ಕಪ್ಪು ಪರದೆಯಲ್ಲಿ ನಾಲ್ಕು ಬಿಳಿ ಸಾಲು ಬಂದು ಆರುತ್ತಿತ್ತು, ಮತ್ತೆ ಅದೇ ಸಾಲು. ಪೀಣ್ಯದಿಂದ ಕಂಪ್ಯೂಟರ್ ರಿಪೇರಿಯವನೊಬ್ಬ ಬಂದು ನೋಡಿ, ಒಳಗಿನದೆಲ್ಲ ಹೋಗಿರಬಹುದು ಎಂದು ಹೇಳಿ ಹೋದ. ಶೆಡ್ಡಿನ ಮಿಷಿನ್ನುಗಳು ಗ್ರೀಸ್ ಬಳಿದುಕೊಂಡು ಕುಂಕುಮ ಇಟ್ಟುಕೊಂಡು ಹಾಗೆಯೇ ಕೂತವು. ಡ್ರಾಯಿಂಗ್ ಇಲ್ಲದೆ ಯಾವ ಅಳತೆಗೆಂದು ಕಡಿಯುವುದು? ದೊಡ್ಡವನು ಪಾರ್ಟಿಗಳ ಫೋನ್ ಎತ್ತುವುದನ್ನೇ ಬಿಟ್ಟ. ಚಿಕ್ಕವನು ಇಸ್ತ್ರಿ ಶರ್ಟು ತೊಟ್ಟು, ಏನೋ ಗುನುಗುತ್ತಾ ಆಫೀಸಿಗೆ ಹೋಗಿ ಬಂದ.

"ಒಂದ್ಸಲ ನೋಡೋ, ನಿಂಗೆ ಕೈ ಮುಗೀತೀನಿ" ಎಂದೆ.

"ಮುಟ್ಟಲ್ಲ ಅಂದಿದ್ದೀನಲ್ಲಮ್ಮ."

ವಾರದ ಮೇಲೆ ದೊಡ್ಡವನು ಕೆಳಗಿಳಿದು ಬಂದ. ತಮ್ಮನ ಮುಂದೆ ನಿಂತು "ನೋಡು" ಎಂದ.

"ಏನು ನೋಡ್ಲಿ?"

"ಡಬ್ಬ."

"ಡಬ್ಬಕ್ಕೇನಾಗಿದೆ?"

"ಕೆಟ್ಟಿದೆ."

"ಯಾರು ಕೆಡಿಸಿದ್ದು?"

ನೀವು ಮೂವರೂ ಸೋಫಾದ ಮೇಲೆ ಇದ್ದಿರಿ. ಯಾರೋ ಟಿವಿಯ ಸದ್ದು ಜಾಸ್ತಿ ಮಾಡಿದಿರಿ. ಒಳ್ಳೆಯದು ಮಾಡಿದಿರಿ. ಆದರೂ ನನಗೆ ಕೇಳಿಸಿತು. "ನಾನೇ" ಎಂದ ದೊಡ್ಡವನು, ತನ್ನ ಹೆಂಡತಿ, ತಮ್ಮನ ಹೆಂಡತಿ, ಮಕ್ಕಳೆಲ್ಲರ ಮುಂದೆ.

ಚಿಕ್ಕವನು ರೂಮಿಗೆ ಹೋಗಿ ಬೀರುವಿನಿಂದ ಅಂಗೈಯಗಲದ ಒಂದು ಕಪ್ಪು ಡಿಸ್ಕ್ ತಂದ. ಮುಟ್ಟುವುದಿಲ್ಲ ಎಂದವನು ಡಬ್ಬದೊಳಗಿನದರ ನಕಲನ್ನು ಮಾತ್ರ ವರ್ಷವಿಡೀ ಗುಟ್ಟಾಗಿ ತೆಗೆದುಕೊಳ್ಳುತ್ತಲೇ ಇದ್ದನಂತೆ.

"ಹಬ್ಬದ ಹಿಂದಿನ ದಿನದ್ದು. ಎಲ್ಲಾ ಇದೆ, ಹೋಗು" ಎಂದ.

ದೊಡ್ಡವನಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಅವನ ದನಿ ಸಣ್ಣದಾಯಿತು.

"ಇಷ್ಟು ದಿನ ನಿನ್ನ ಬೀರುನಲ್ಲೇ ಇತ್ತಾ ಇದು?"

"ಇತ್ತು."

"ನಾನು ಶೆಡ್ಡಲ್ಲಿ ಹುಡುಗ್ರ ಮುಂದೆ ತಲೆ ತಗ್ಗಿಸ್ಕೊಂಡು ಕೂತಿದ್ದಾಗ?"

"ನೀನು ಕೇಳ್ಲೇ ಇಲ್ವಲ್ಲ."

"ಅವತ್ತು ನಾನು ಸ್ವಿಚ್ ಆರಿಸ್ವಾಗ ನೀನು ನೋಡ್ತಾ ನಿಂತಿದ್ದೆ ತಾನೆ?"

"ನಿಂತಿದ್ದೆ."

"ಬಾಯಲ್ಲೇನಿತ್ತೋ ನಿಂಗೆ?"

"ಕಡ್ಲೆಪುರಿ."

ದೊಡ್ಡವನು ಕೈ ಎತ್ತಿದ, ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಅತ್ತು ಕರೆದು ಇಬ್ಬರನ್ನೂ ಬೈದು ಅಲ್ಲಿಗೆ ಮುಗಿಯುತ್ತಿತ್ತೇನೋ. ಅವನು ಕೈ ಇಳಿಸಿ ಮೆಟ್ಟಿಲು ಹತ್ತಿಹೋದ. ಮರುದಿನ ಮೇಲಕ್ಕೆ ಹೊಸ ಒಲೆ ಬಂತು, ಸಿಲಿಂಡರ್ ಬಂತು. ಸಂಜೆ ನಾನು ಎಂದಿನ ಅಳತೆಗೆ ಎಸರಿಟ್ಟು, ಆಮೇಲೆ ನೆನಪಾಗಿ ಅರ್ಧ ನೀರು ಚೆಲ್ಲಿದೆ.

ಡಬ್ಬವನ್ನು ಚಿಕ್ಕವನೇ ಆ ನಕಲಿನಿಂದ ಎಬ್ಬಿಸಿದ, ಅಪ್‌ಡೇಟನ್ನೂ ಹಾಕಿದ. ಜಗಳ ಮಾತ್ರ ಹಾಗೇ ಉಳಿಯಿತು. ಮೆಟ್ಟಿಲ ಕೆಳಗೊಬ್ಬ, ಮೇಲೊಬ್ಬ ನಿಂತು ನನ್ನ ಮುಖಾಂತರ ಕೂಗಾಡಿದರು.

"ಅಮ್ಮ, ಪಾಸ್‌ವರ್ಡ್ ಅವನ ಹತ್ರ ಇರೋದಾದ್ರೆ ನಾನು ಶೆಡ್ಡಿಗೆ ಬೀಗ ಹಾಕ್ತೀನಿ ಅಂತ ಹೇಳು!"

"ಅಮ್ಮ, ಅವನ ಹತ್ರ ಇರೋದಾದ್ರೆ ಮುಂದಿನ ಹಬ್ಬಕ್ಕೆ ಮತ್ತೆ ಸ್ವಿಚ್ ಆರಿಸ್ತಾನೆ, ಆಮೇಲೆ ನನ್ನ ಬೀರು ತಡಕ್ತಾನೆ ಅಂತ ಹೇಳು!"

ಕೊನೆಗೆ ಇಬ್ಬರೂ ಒಪ್ಪಿದ್ದು ಒಂದಕ್ಕೇ: ಪಾಸ್‌ವರ್ಡ್ ಅಮ್ಮನ ಹತ್ತಿರ ಇರಲಿ. ಅದು ನನ್ನ ಮೇಲಿನ ಗೌರವದಿಂದಲ್ಲ. ಅಮ್ಮನಿಗೆ ಬಾಯಿಲ್ಲ, ಅಮ್ಮನಿಗೆ ತಿಳಿಯುವುದಿಲ್ಲ, ಅಮ್ಮ ಒಂದು ಬೀರು ಎಂದು.

"ಒತ್ತೋದು ಎಂಗೆ ಅಂತ ನಂಗೂ ತೋರ್ಸು" ಎಂದು ಚಿಕ್ಕವನಿಗೆ ಹೇಳಿದೆ. ಅವನು ನಕ್ಕ. ತೋರಿಸುವಾಗ ನಡುನಡುವೆ "ಅಯ್ಯೋ, ಅದಲ್ಲಮ್ಮ" ಎಂದು ನನ್ನ ಕೈ ತಳ್ಳುತ್ತಿದ್ದ. ನಾನು ಸಹಿಸಿಕೊಂಡೆ. ಮೊದಲು ನಕಲು. ನಕಲು ಸರಿಯಾಗಿ ತೆರೆಯುತ್ತದೆಯೇ ಎಂದು ಒಂದು ಫೋಟೋ, ಒಂದು ಡ್ರಾಯಿಂಗ್ ತೆರೆದು ನೋಡುವುದು. ಆಮೇಲೆ ಒತ್ತುವುದು. ಆಮೇಲೆ ಅದಾಗಿ ಆರಿ ಅದಾಗಿ ಏಳುವವರೆಗೆ ಸ್ವಿಚ್ಚಿನ ಹತ್ತಿರ ಯಾರನ್ನೂ ಬಿಡದಿರುವುದು. ಕಷ್ಟವೇನಿಲ್ಲ, ಮಕ್ಕಳೇ. ಇವರು ಕಷ್ಟ ಎಂದು ನಂಬಿಸಿದ್ದರು. ಪಾಸ್‌ವರ್ಡ್ ಬದಲಾಯಿಸುವುದನ್ನೂ ಕೇಳಿ ಕಲಿತೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಬದಲಾಯಿಸಿದೆ.

ಆ ಸಂಜೆ ಇಬ್ಬರನ್ನೂ ಅಡುಗೆಮನೆಯ ಬಾಗಿಲಿಗೆ ಕರೆಸಿದೆ. ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ. ಒಲೆಯ ಕಡೆ ತಿರುಗಿ, ಸಾರು ತಿರುವುತ್ತಾ ಹೇಳಿದೆ.

"ಅಮಾವಾಸ್ಯೆ ಅಮಾವಾಸ್ಯೆಗೆ ನಾನೇ ಆಕ್ತೀನಿ. ಅವತ್ತು ಶೆಡ್ಡಲ್ಲಿ ಪೂಜೆ, ಮಧ್ಯಾಹ್ನದ ಮೇಲೆ ಮಿಷಿನ್ ಓಡಾಕಿಲ್ಲ. ಸಂಜೆ ಇಬ್ರೂ ಇಲ್ಲಿಗ್ ಬರ್ಬೇಕು. ನಾನು ಬಟನ್ ಒತ್ತಿ ಬಡಿಸ್ತೀನಿ. ಅದು ಏಳೋಗಂಟ ಇಬ್ರೂ ಕೂತು ಉಣ್ಬೇಕು. ಒಬ್ಬ ಬರ್ನಿಲ್ಲ ಅಂದ್ರೂ ಒತ್ತಾಕಿಲ್ಲ."

"ಇದೇನಮ್ಮ, ಅಮಾವಾಸ್ಯೆ ಗಿಮಾವಾಸ್ಯೆ!" ಎಂದ ಚಿಕ್ಕವನು. "ವಾರಕ್ಕೊಂದ್ಸಲ ಹಾಕ್ಬೇಕು ಅದನ್ನ."

"ತಿಂಗ್ಳಿಗೊಂದ್ಸಲ ಯಾಕೆ? ಮತ್ತೆ ಕೆಡ್ಸೋಕಾ?" ಎಂದ ದೊಡ್ಡವನು.

"ಅಂಗಾದ್ರೆ ಆಕೋದೇ ಬ್ಯಾಡ. ಪಾಸ್‌ವರ್ಡ್ ಬದಲಾಯ್ಸಿವ್ನಿ."

ನನ್ನ ಬೆನ್ನ ಹಿಂದೆ ಇಬ್ಬರೂ ಒಲೆ ಬೇರೆಯಾದ ಮೇಲೆ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು ಎಂದು ಕಿರಿ ಸೊಸೆ ಆಮೇಲೆ ಹೇಳಿದಳು.

"ಮಧ್ಯದಲ್ಲಿ ಅರ್ಜೆಂಟ್ ಅಪ್‌ಡೇಟ್ ಬರತ್ತಮ್ಮ, ಒಂದೊಂದ್ಸಲ" ಎಂದ ಚಿಕ್ಕವನು, ದನಿ ಇಳಿಸಿ. "ದೊಡ್ಡ ಕಿಂಡಿ ಸಿಕ್ಕಿದೆ, ಇವತ್ತೇ ಹಾಕಿ ಅಂತ. ಅದಕ್ಕೂ ಅಮಾವಾಸ್ಯೆ ಕಾಯ್ತೀಯಾ?"

"ಕಾಯಾಕಿಲ್ಲ. ನೀನೂ ನಿಮ್ಮಣ್ಣನೂ ಒಟ್ಗೆ ಬಂದು ಕೇಳಿ. ಅವತ್ತೇ ಆಕ್ತೀನಿ."

ಒಟ್ಟಿಗೆ ಬಂದು ಕೇಳಿದ್ದು ಇದುವರೆಗೆ ಇಲ್ಲ. ಆದರೆ ಅಮಾವಾಸ್ಯೆ ತಪ್ಪಿಸಿಲ್ಲ. ಒಬ್ಬನಿಗೆ ಡ್ರಾಯಿಂಗ್ ಬೇಕು, ಇನ್ನೊಬ್ಬನಿಗೆ ಆ ಕೆಂಪು ಚುಕ್ಕೆ ನೋಡಿದರೆ ಮೈ ಪರಚಿಕೊಳ್ಳುವಂತಾಗುತ್ತದೆ. ವಾರಕ್ಕೊಮ್ಮೆ ಹಾಕುವುದೇ ಸರಿಯೋ ಏನೋ. ನೀವು ದೊಡ್ಡವರಾಗಿ ನಿಮ್ಮ ನಿಮ್ಮ ಮನೆಯಲ್ಲಿ ತಿಳಿದವರನ್ನು ಕೇಳಿ ಹಾಕಿಕೊಳ್ಳಿ. ನನ್ನ ಲೆಕ್ಕ ಡಬ್ಬದ್ದಲ್ಲ. ಎರಡು ಊಟದ ನಡುವೆ ತಿಂಗಳಿಗಿಂತ ಹೆಚ್ಚಾದರೆ ನನ್ನಿಂದ ತಡೆಯಲಾಗುವುದಿಲ್ಲ, ವಾರಕ್ಕೊಮ್ಮೆ ಎಂದರೆ ಇವರು ಬರುವುದಿಲ್ಲ. ಅಷ್ಟೆ.

ಕಳೆದ ಅಮಾವಾಸ್ಯೆ ಹುರುಳಿಕಾಳಿನ ಸಾರು ಮಾಡಿದ್ದೆ. ಇಬ್ಬರೂ ಬಂದರು, ಮಧ್ಯೆ ಒಂದು ಮಣೆಯ ಜಾಗ ಬಿಟ್ಟು ಕೂತರು. ನಾನು ನಕಲು ತೆಗೆದು, ತೆರೆದು ನೋಡಿ, ಬಟನ್ ಒತ್ತಿ ಬಂದು ಬಡಿಸಿದೆ. ಪರದೆಯ ಮೇಲೆ ಗೆರೆ ಇರುವೆಯ ಹಾಗೆ ಹೋಗುತ್ತಿತ್ತು. ಅನ್ನದ ಹೊತ್ತಿಗೆ ಮಜ್ಜಿಗೆ ಚೊಂಬು ದೊಡ್ಡವನ ಕಡೆ ಇತ್ತು.

"ಅಮ್ಮ, ಮಜ್ಜಿಗೆ ಕೊಡ್ಬೇಕಂತೆ ಅಂತ ಹೇಳು" ಎಂದ ಚಿಕ್ಕವನು.

"ಅಮ್ಮ, ಬೇಕಾದ್ರೆ ಎದ್ದು ಬಂದು ತಗೋಬೇಕಂತೆ ಅಂತ ಹೇಳು" ಎಂದ ದೊಡ್ಡವನು.

"ನಾನೇನು ನಿಮ್ಮ ಪೋನಾ?" ಎಂದೆ.

ಯಾರೂ ಅಲುಗಲಿಲ್ಲ. ಚಿಕ್ಕವನು ಬರೀ ಅನ್ನ ಕಲೆಸಿಕೊಂಡು ನುಂಗಿದ. ದೊಡ್ಡವನು ಪಕ್ಕದಲ್ಲಿದ್ದ ಚೊಂಬನ್ನು ತಾನೂ ಮುಟ್ಟದೆ, ಅವನೂ ಬರೀ ಅನ್ನವನ್ನೇ ತಿಂದ. ಹಠಕ್ಕೆ ಇಬ್ಬರೂ ನಿಮ್ಮ ತಾತನ ಮಕ್ಕಳೇ. ಕೈ ಒಣಗಿತು. ಏಳುವಂತಿಲ್ಲ, ಗೆರೆ ಇನ್ನೂ ಮುಗಿದಿರಲಿಲ್ಲ. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಇಬ್ಬರನ್ನೂ ಸಾವಕಾಶವಾಗಿ ನೋಡಿದೆ. ದೊಡ್ಡವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಚಿಕ್ಕವನಿಗೆ ಹೊಟ್ಟೆ ಬಂದಿದೆ. ಡಬ್ಬ ಎದ್ದು ಪರದೆಯಲ್ಲಿ ಬೆಳಕು ಬಂದದ್ದೇ ಇಬ್ಬರೂ ಎದ್ದು, ಒಬ್ಬರಾದ ಮೇಲೊಬ್ಬರು ಒಂದೇ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಒಬ್ಬ ಮೇಲೆ ಹೋದ, ಒಬ್ಬ ರೂಮಿಗೆ ಹೋದ. ನನಗೆ ಒಂದು ಮಾತು ಹೇಳಲಿಲ್ಲ. ಬೇಡ. ಬೈದುಕೊಂಡೇ ಬರಲಿ, ಬಂದು ಉಣ್ಣಲಿ.